ಚಾಕೋ ಚಿಪ್ಸ್‌ನೊಳಗೆ ನಮ್ಮ ಕೊಕ್ಕೊ ಎಲ್ಲಿದೆ?

ಮೇ ತಿಂಗಳ ರಜೆಯಲ್ಲಿ ಊರಿಗೆ ಹೋಗಿದ್ದಾಗ ಅಕ್ಕನ ಮಗಳು ಒಂದೇ ಹಟ ಹಿಡಿದಿದ್ದಳು. ಮೊಬೈಲಿನಲ್ಲಿ ನೋಡಿದ ಚಾಕೊಲೇಟ್ ಚಿಪ್ ಕುಕ್ಕಿ ಮಾಡಿಕೊಡಬೇಕು. ಅದೂ ನಮ್ಮ ಬೇಕರಿ ಬಿಸ್ಕತ್ತಿನ ಹಾಗೆ ಕಟುಂ ಅನ್ನುವುದು ಬೇಡ. "ಚಿಕ್ಕಮ್ಮ, ಜಗಿಯುವ ಹಾಗೆ ಇರಬೇಕು" ಎಂದು ಎರಡೆರಡು ಸಲ ಹೇಳಿದಳು. ಅಕ್ಕನ ಮನೆಯಲ್ಲಿ ಓವನ್ ಇದೆ, ಪೇಟೆಯ ಅಂಗಡಿಯಲ್ಲಿ ಈಗ ಚಾಕೋ ಚಿಪ್ಸ್ ಪ್ಯಾಕೆಟ್ ಕೂಡಾ ಸಿಗುತ್ತದೆ. ಮಾಡಿದೆ. ನೋಡಲಿಕ್ಕೆ ಚಿತ್ರದಲ್ಲಿದ್ದ ಹಾಗೇ ಬಂತು.

ಅಪ್ಪ ಒಂದು ಬಾಯಿಗೆ ಹಾಕಿಕೊಂಡರು. ಸ್ವಲ್ಪ ಹೊತ್ತು ನಾಲಿಗೆಯನ್ನು ಅಂಗುಳಕ್ಕೆ ಉಜ್ಜಿದರು. "ಇದಕ್ಕೆ ಡಾಲ್ಡ ಹಾಕಿದ್ದೀಯಾ ಮಗಾ?" ಎಂದರು.

ನನಗೆ ಸಿಟ್ಟೇ ಬಂತು. ಒಳ್ಳೆಯ ಬೆಣ್ಣೆ ಹಾಕಿದ್ದೆ. ಅಪ್ಪ ಹೇಳಿದ್ದು ಸರಿ ಎಂದು ಗೊತ್ತಾದದ್ದು ಕಸದ ಬುಟ್ಟಿಯಿಂದ ಪ್ಯಾಕೆಟ್ ಹೆಕ್ಕಿ ಹಿಂಬದಿ ಓದಿದಾಗ. ಸಕ್ಕರೆ, ಆಮೇಲೆ ಹೈಡ್ರೋಜನೀಕರಿಸಿದ ಖಾದ್ಯ ತೈಲ, ಅದಾದ ಮೇಲೆ ಕೊಕ್ಕೊ ಪುಡಿ. ಕೊಕ್ಕೊ ಬೆಣ್ಣೆ ಎಂಬ ಪದವೇ ಇಲ್ಲ. ಮುಂಬದಿಯಲ್ಲಿ ದೊಡ್ಡದಾಗಿ 'ಚಾಕೋ' ಎಂದಿತ್ತು. 'ಲೇಟ್' ಎಂಬ ಎರಡಕ್ಷರ ಯಾಕೆ ಬಿಟ್ಟಿದ್ದಾರೆಂದು ಅಷ್ಟರವರೆಗೆ ನಾನು ಯೋಚಿಸಿರಲಿಲ್ಲ.

ಇದು ಯಾರದೋ ಮನೆಯಲ್ಲಿ ಆದರೆ ನಕ್ಕು ಬಿಡಬಹುದಿತ್ತು. ಆದರೆ ನಮ್ಮ ಅಡುಗೆಮನೆಯ ಕಿಟಕಿಯಿಂದ ನೋಡಿದರೆ ಅಡಿಕೆ ಮರಗಳ ನಡುವೆ ಕೊಕ್ಕೊ ಗಿಡಗಳೇ ಕಾಣುವುದು. ಪುತ್ತೂರು, ಸುಳ್ಯ ಕಡೆಯ ಎಷ್ಟೋ ತೋಟಗಳ ಹಾಗೆ. ಚಿಕ್ಕವರಿದ್ದಾಗ ಹಣ್ಣು ಒಡೆದು, ಬೀಜದ ಮೇಲಿನ ಬಿಳಿ ತಿರುಳು ಚೀಪಿ, ಬೀಜವನ್ನು ಬುಟ್ಟಿಗೆ ಉಗುಳಿದವರು ನಾವು. ಗೋಣಿಯಿಂದ ಸೋರುವ ಹುಳಿ ನೀರಿನ ವಾಸನೆ ನಮಗೆ ಶಾಲೆಯ ಪುಸ್ತಕದ ವಾಸನೆಯಷ್ಟೇ ಪರಿಚಿತ. ಅಂಥ ಮನೆಯಲ್ಲಿ ಕುಳಿತು, ಎಲ್ಲಿಯದೋ ತಾಳೆ ಎಣ್ಣೆಗೆ ಕಂದು ಬಣ್ಣ ಬಂದದ್ದನ್ನು ಚಾಕೊಲೇಟ್ ಎಂದು ದುಡ್ಡು ಕೊಟ್ಟು ತಂದು ತಿಂದೆವು.

ಇದರ ಹೆಸರು ಕಾಂಪೌಂಡ್. ಕೊಕ್ಕೊ ಬೀಜದಲ್ಲಿ ಅರ್ಧದಷ್ಟು ಕೊಬ್ಬೇ ಇರುತ್ತದೆ, ಅದೇ ಕೊಕ್ಕೊ ಬೆಣ್ಣೆ. ನಮ್ಮ ಮೈಯ ಬಿಸಿಗಿಂತ ತುಸು ಕಡಿಮೆ, ಸುಮಾರು 34 ಡಿಗ್ರಿಯಲ್ಲಿ ಅದು ಕರಗುತ್ತದೆ. ಚಾಕೊಲೇಟ್ ಬಾಯಲ್ಲಿಟ್ಟರೆ ಕರಗುವುದು ಅದಕ್ಕೇ. ಬೀಜದಲ್ಲಿ ಬೆಲೆ ಬಾಳುವ ಭಾಗವೂ ಅದೇ. ಕಾಂಪೌಂಡ್‌ನಲ್ಲಿ ಅದನ್ನು ತೆಗೆದು ಅಗ್ಗದ ಸಸ್ಯಜನ್ಯ ಕೊಬ್ಬು ಹಾಕುತ್ತಾರೆ. ಅದು ಬಾಯಲ್ಲಿ ಪೂರ್ತಿ ಕರಗುವುದಿಲ್ಲ, ಅಂಗುಳಕ್ಕೆ ಮೇಣದ ಹಾಗೆ ಅಂಟಿಕೊಳ್ಳುತ್ತದೆ. ಅಪ್ಪನ ನಾಲಿಗೆ ಹಿಡಿದದ್ದು ಇದನ್ನೇ.

ಕಾಂಪೌಂಡ್ ವಿಷವೇನಲ್ಲ. ಅದಕ್ಕೆ ಅದರದ್ದೇ ಉಪಯೋಗವಿದೆ. ನಮ್ಮ ಏಪ್ರಿಲ್ ಸೆಕೆಗೆ ಅಂಗಡಿಯ ಕಪಾಟಿನಲ್ಲಿ ಕರಗದೆ ಕೂರುತ್ತದೆ, ಕೇಕಿನ ಮೇಲೆ ಸುರಿದರೆ ಹೆಚ್ಚು ಕಸರತ್ತಿಲ್ಲದೆ ಗಟ್ಟಿಯಾಗುತ್ತದೆ, ಬೆಲೆ ಕಡಿಮೆ. ಮನೆಯಲ್ಲೇ ಕೇಕ್ ಮಾಡಿ ಮಾರಿ ನಾಲ್ಕು ಕಾಸು ಕಾಣುತ್ತಿರುವ ಹೆಂಗಸರು ಈಗ ನಮ್ಮ ಪ್ರತಿ ಪೇಟೆಯಲ್ಲೂ ಇದ್ದಾರೆ. ಅವರಿಗೆ ಕಾಂಪೌಂಡ್ ಬಿಟ್ಟುಬಿಡಿ ಎಂದು ಬೆಂಗಳೂರಿನಿಂದ ಬಂದ ನಾನು ಉಪದೇಶ ಮಾಡಿದರೆ ಚೆನ್ನಾಗಿರುವುದಿಲ್ಲ. ನನ್ನ ತಕರಾರು ಹೆಸರಿನದ್ದು. ಗೆಳತಿಯೊಬ್ಬಳು ಬೇಕಿಂಗ್ ತರಬೇತಿಗೆ ಹೋಗಿ ಬಂದವಳು. ಮೊದಲ ದಿನದಿಂದ ಕೊನೆಯ ದಿನದವರೆಗೂ ಅಲ್ಲಿ ಕಾಂಪೌಂಡ್ ಗಟ್ಟಿಯನ್ನೇ 'ಚಾಕೊಲೇಟ್' ಎಂದು ಕೊಟ್ಟರಂತೆ. ಎರಡು ಬೇರೆ ಎಂದು ಅವಳಿಗೆ ಹೇಳಿದ್ದು ನಾನು, ಮೊನ್ನೆ. ಅವಳ ಮನೆಯಲ್ಲೂ ಕೊಕ್ಕೊ ಇದೆ! ಸಸ್ಯಜನ್ಯ ಕೊಬ್ಬಿನಿಂದ ಮಾಡಿದ್ದನ್ನು ಚಾಕೊಲೇಟ್ ಎಂದು ಮಾರುವುದಕ್ಕೆ ಕಾನೂನಿನಲ್ಲಿ ಅವಕಾಶವಿಲ್ಲ, ಹಾಗಾಗಿಯೇ ಪ್ಯಾಕೆಟಿನಲ್ಲಿ 'ಚಾಕೋ' ಎನ್ನುವ ಜಾಣತನ. ಕಂಪನಿಯವರು ಕಾನೂನು ಪಾಲಿಸಿದ್ದಾರೆ, ಓದದೆ ತಂದವರು ನಾವು.

ಕೊಕ್ಕೊ ಬೆಳೆದವರಿಗೆ ಹೆಸರು ಯಾಕೆ ಮುಖ್ಯ ಎನ್ನುವುದಕ್ಕೆ ನಮ್ಮ ಜಿಲ್ಲೆಯಲ್ಲೇ ಕಥೆಯಿದೆ. ಎಪ್ಪತ್ತರ ದಶಕದಲ್ಲಿ ಅಡಿಕೆಯ ಜೊತೆಗೆ ಕೊಕ್ಕೊ ಹಾಕಿ ಎಂದು ಪ್ರೋತ್ಸಾಹಿಸಿದರು, ಹಾಕಿದರು. ದಶಕ ಮುಗಿಯುವ ಹೊತ್ತಿಗೆ ಖರೀದಿ ಕುಸಿಯಿತು, ಬೀಜ ಕೇಳುವವರಿಲ್ಲದೆ ಎಷ್ಟೋ ಜನ ಗಿಡ ಕಡಿದು ಹಾಕಿದರು. 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಅಡಿಕೆಗಾಗಿ ಶುರುವಾಗಿದ್ದ ಕ್ಯಾಂಪ್ಕೊ ಆಗ ಕೊಕ್ಕೊ ಖರೀದಿಗೂ ಇಳಿಯಿತು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ಕಟ್ಟಿತು. ರೈತರ ಸಹಕಾರ ಸಂಸ್ಥೆಯೊಂದು ಚಾಕೊಲೇಟ್ ಮಾಡಲು ಹೊರಟದ್ದು ಚಾಕೊಲೇಟಿನ ಆಸೆಗಲ್ಲ, ಬೀಜ ಕೊಳೆಯಬಾರದು ಎಂದು. ನಮ್ಮಲ್ಲಿ ಉಳಿದ ಕೊಕ್ಕೊ ಗಿಡಗಳು ಆ ಖರೀದಿಯಿಂದಾಗಿ ಉಳಿದವು.

ಈಗ ಇನ್ನೊಂದು ಸುತ್ತು. ಜಗತ್ತಿನ ಅರ್ಧಕ್ಕಿಂತ ಹೆಚ್ಚು ಕೊಕ್ಕೊ ಬರುವುದು ಐವರಿ ಕೋಸ್ಟ್ ಮತ್ತು ಘಾನಾದಿಂದ. ಅಲ್ಲಿ ಮಳೆ, ರೋಗ ಎಲ್ಲ ಸೇರಿ ಬೆಳೆ ಕೈಕೊಟ್ಟಾಗ 2024ರಲ್ಲಿ ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಟನ್ನಿಗೆ 10,000 ಡಾಲರ್ ದಾಟಿತು. ನಮ್ಮಲ್ಲೂ ಹಸಿ ಬೀಜದ ದರ ಅಪ್ಪ ಎಂದೂ ಕಾಣದಷ್ಟು ಏರಿತು. ಮಂಗ, ಅಳಿಲು ತಿಂದು ಬಿಟ್ಟ ಕಾಯಿಯನ್ನೂ ಹೆಕ್ಕುವ ಉತ್ಸಾಹ ಬಂದದ್ದು ಆಗ. ಆದರೆ ದರ ಏರಿದಾಗ ಕಂಪನಿಗಳು ಕೈಕಟ್ಟಿ ಕೂರುವುದಿಲ್ಲ. ಕೊಕ್ಕೊ ಕಡಿಮೆ ಮಾಡಿ ಬೇರೆ ಕೊಬ್ಬು ಸೇರಿಸುವ ದಾರಿ ಹುಡುಕುತ್ತವೆ. 2025ರಲ್ಲಿ ಬ್ರಿಟನ್ನಿನಲ್ಲಿ ಪೆಂಗ್ವಿನ್, ಕ್ಲಬ್ ಎಂಬ ಹಳೆಯ ಬಿಸ್ಕತ್ತುಗಳ ಮೇಲೆ 'ಚಾಕೊಲೇಟ್ ಫ್ಲೇವರ್' ಎಂದು ಬರೆಯಬೇಕಾಯಿತು. ಕೊಕ್ಕೊ ಅಷ್ಟು ಕಡಿಮೆಯಾಗಿತ್ತು. ಅಲ್ಲಿ ಅದು ಸುದ್ದಿಯಾಯಿತು, ಪತ್ರಿಕೆಗಳು ಬರೆದವು. ನಮ್ಮಲ್ಲಿ ಸುದ್ದಿಯಾಗುವುದಿಲ್ಲ, ಯಾಕೆಂದರೆ ನಮ್ಮ ಬಾಯಿಗೆ ಮೊದಲಿನಿಂದಲೂ ಫ್ಲೇವರೇ ಅಭ್ಯಾಸ. ನಾಲಿಗೆಗೆ ವ್ಯತ್ಯಾಸವೇ ಗೊತ್ತಾಗದ ಗಿರಾಕಿ ಇರುವ ದೇಶದಲ್ಲಿ ಕೊಕ್ಕೊ ಬೆಳೆದವನಿಗೆ ಯಾವ ಧೈರ್ಯ?

ಕುಕ್ಕಿಯ ವಿಷಯಕ್ಕೆ ಬರುತ್ತೇನೆ. ಈ ತಿಂಡಿ ಹುಟ್ಟಿದ್ದು ಚಿಪ್ಸ್ ಪ್ಯಾಕೆಟಿನಿಂದಲ್ಲ. 1930ರ ದಶಕದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸಿನ ವಿಟ್ಮನ್ ಎಂಬಲ್ಲಿ ಟೋಲ್ ಹೌಸ್ ಎಂಬ ಊಟದ ಮನೆ ನಡೆಸುತ್ತಿದ್ದ ರೂತ್ ವೇಕ್‌ಫೀಲ್ಡ್, ಚಾಕೊಲೇಟ್ ಬಾರ್ ಒಂದನ್ನು ತುಂಡು ಮಾಡಿ ಹಿಟ್ಟಿಗೆ ಹಾಕಿದರು. ಕರಗುತ್ತದೆಂದು ಹಾಕಿದರು, ಕರಗಲಿಲ್ಲ, ಆಕಸ್ಮಿಕವಾಗಿ ಕುಕ್ಕಿ ಆಯಿತು ಎಂಬ ಕಥೆ ಎಲ್ಲ ಕಡೆ ಓಡಾಡುತ್ತದೆ. ಗೃಹವಿಜ್ಞಾನ ಓದಿ, ಅದನ್ನೇ ಪಾಠ ಮಾಡಿ, ಅಡುಗೆ ಪುಸ್ತಕ ಬರೆದ ಹೆಂಗಸಿಗೆ ಚಾಕೊಲೇಟ್ ತುಂಡು ಏನಾಗುತ್ತದೆಂದು ಗೊತ್ತಿರಲಿಲ್ಲವಂತೆ! ಗಂಡಸು ಮಾಡಿದ್ದರೆ ಸಂಶೋಧನೆ ಎನ್ನುತ್ತಿದ್ದರು. ಪಾಕವಿಧಾನ 1938ರ ಹೊತ್ತಿಗೆ ಆಕೆಯ ಪುಸ್ತಕದಲ್ಲಿ ಬಂತು. ಅದು ಜನಪ್ರಿಯವಾದ ಮೇಲೆಯೇ ನೆಸ್ಲೆ ಸಣ್ಣ ಹನಿಗಳ ಚಿಪ್ಸ್ ಮಾಡಿ ಪ್ಯಾಕೆಟಿನಲ್ಲಿ ತುಂಬಿದ್ದು. ಇನ್ನೊಂದು ವಿಷಯ, ಆಕೆಯ ಕುಕ್ಕಿ ಚಿಕ್ಕದು, ಗರಿಗರಿಯಾದದ್ದು. ಹೆಸರಿನಲ್ಲೇ 'ಕ್ರಂಚ್' ಇತ್ತು. ಜಗಿಯುವ ಕುಕ್ಕಿಯ ಹುಚ್ಚು ಆಮೇಲಿನದ್ದು.

ಹಾಗಾಗಿ ಎರಡನೇ ಸಲ ನಾನೂ ಬಾರ್ ತಂದೆ. ಹಿಂಬದಿಯಲ್ಲಿ ಕೊಕ್ಕೊ ಬೆಣ್ಣೆ ಎಂದು ಬರೆದಿರುವ, 55 ಶೇಕಡಾದ ಡಾರ್ಕ್ ಬಾರ್. 150 ಗ್ರಾಂ. ಕಡಲೆ ಬೇಳೆಯಿಂದ ಹಿಡಿದು ಗೇರುಬೀಜದಷ್ಟು ದಪ್ಪದವರೆಗೆ ಒರಟಾಗಿ ಕೊಚ್ಚಬೇಕು, ಉಳಿದ ಪುಡಿಯನ್ನೂ ಬಿಡಬಾರದು.

ಜಗಿಯುವ ಗುಣ ಬರುವುದು ಮುಖ್ಯವಾಗಿ ನೀರಿನಂಶ ಉಳಿಯುವುದರಿಂದ. ಅಮೆರಿಕದವರು ಕಂದು ಸಕ್ಕರೆ ಹಾಕಿ ಎನ್ನುತ್ತಾರೆ. ಕಂದು ಸಕ್ಕರೆ ಎಂದರೆ ಬಿಳಿ ಸಕ್ಕರೆಗೆ ಕಾಕಂಬಿ ಸೇರಿಸಿದ್ದು. ಅಂದರೆ ಮೊದಲು ತೆಗೆದು ಆಮೇಲೆ ಹಾಕುವುದು. ನಮ್ಮ ಬೆಲ್ಲದಲ್ಲಿ ಅದನ್ನು ತೆಗೆದೇ ಇಲ್ಲವಲ್ಲ. ಮಳೆಗಾಲದಲ್ಲಿ ಡಬ್ಬದ ಬೆಲ್ಲ ಬೆವರುವುದನ್ನು ನೋಡಿದವರಿಗೆ ಅದು ನೀರನ್ನು ಹೇಗೆ ಹಿಡಿದುಕೊಳ್ಳುತ್ತದೆಂದು ವಿವರಿಸಬೇಕಿಲ್ಲ. ಬೆಣ್ಣೆ 115 ಗ್ರಾಂ ಕರಗಿಸಿ ಆರಿಸಿ, ಜರಡಿ ಹಿಡಿದ ಬೆಲ್ಲದ ಪುಡಿ 110 ಗ್ರಾಂ, ಸಕ್ಕರೆ 50 ಗ್ರಾಂ ಹಾಕಿ ಚೆನ್ನಾಗಿ ಕದಡಿ. ಒಂದು ಮೊಟ್ಟೆ. ಆಮೇಲೆ 160 ಗ್ರಾಂ ಮೈದಾ, ಅರ್ಧ ಟೀ ಚಮಚ ಅಡುಗೆ ಸೋಡಾ, ಚಿಟಿಕೆಗಿಂತ ಹೆಚ್ಚೇ ಉಪ್ಪು. ಮೈದಾ ಬಿದ್ದ ಮೇಲೆ ಚಪಾತಿ ಹಿಟ್ಟಿನ ಹಾಗೆ ನಾದಬೇಡಿ. ಕೊಚ್ಚಿದ ಚಾಕೊಲೇಟ್ ಸೇರಿಸಿ, ಕಡಿಮೆಯೆಂದರೆ ಒಂದು ಗಂಟೆ ಫ್ರಿಜ್ಜಿನಲ್ಲಿಡಿ. ಕರಾವಳಿಯ ಸೆಕೆಯಲ್ಲಿ ಇದನ್ನು ಬಿಟ್ಟರೆ ಕುಕ್ಕಿ ಅಲ್ಲ, ನೀರುದೋಸೆಯಾಗುತ್ತದೆ.

ನಿಂಬೆಹಣ್ಣಿಗಿಂತ ಚಿಕ್ಕ ಉಂಡೆ, ದೂರ ದೂರ ಇಟ್ಟು, ಮೊದಲೇ ಕಾದ 180 ಡಿಗ್ರಿ ಓವನ್ನಿನಲ್ಲಿ 10-11 ನಿಮಿಷ. ಇಲ್ಲೇ ಎಲ್ಲರೂ ಸೋಲುವುದು. ಅಂಚು ಗಟ್ಟಿಯಾಗಿ ನಡು ಇನ್ನೂ ಹಸಿಯೆಂದು ಕಾಣುವಾಗಲೇ ಹೊರಗೆ ತೆಗೆಯಬೇಕು, ತಟ್ಟೆಯ ಬಿಸಿಗೆ ಅದು ಉಳಿದದ್ದನ್ನು ಬೇಯಿಸಿಕೊಳ್ಳುತ್ತದೆ. ಮೆತ್ತಗಾದ ಬಿಸ್ಕತ್ತು ಎಂದರೆ ಕೆಟ್ಟ ಬಿಸ್ಕತ್ತು ಎಂದೇ ಮಳೆಗಾಲ ನಮಗೆ ಕಲಿಸಿರುವುದು. ಹಾಗಾಗಿ ಕೈ ತಡೆಯುವುದಿಲ್ಲ, ಇನ್ನೆರಡು ನಿಮಿಷ ಎಂದು ಬಿಡುತ್ತೇವೆ. ಅಮ್ಮ ನನ್ನ ಹಿಂದೆಯೇ ನಿಂತು "ಬೆಂದಿಲ್ಲ, ಬೆಂದಿಲ್ಲ" ಎನ್ನುತ್ತಿದ್ದರು. ಅವರನ್ನು ಅಂಗಳಕ್ಕೆ ಕಳಿಸಿದೆ.

ಬಾರ್ ದುಬಾರಿ ಎನ್ನುವುದು ನಿಜ, ಕಾಂಪೌಂಡ್ ಪ್ಯಾಕೆಟಿಗಿಂತ ಎರಡು ಪಟ್ಟಿಗೂ ಹೆಚ್ಚಾಯಿತು. ವಾರಕ್ಕೊಮ್ಮೆ ಮಾಡುವ ತಿಂಡಿ ಅಲ್ಲ ಇದು. ತಿಂಗಳಿಗೊಮ್ಮೆ ಮಾಡಿ, ಸರಿಯಾದದ್ದನ್ನೇ ಮಾಡಿ ಎನ್ನುತ್ತೇನೆ. ಕೇಕ್ ಮಾರುವವರು ಎರಡು ದರ ಇಟ್ಟು ಯಾವುದು ಯಾವುದೆಂದು ಬೋರ್ಡಿನಲ್ಲಿ ಬರೆದರೆ ಗಿರಾಕಿಯೇ ಆರಿಸಲಿ. ತರಬೇತಿ ಕೊಡುವವರು ಮೊದಲ ದಿನವೇ ಎರಡೂ ತುಂಡುಗಳನ್ನು ಕೈಗೆ ಕೊಟ್ಟು ಬಾಯಿಗೆ ಹಾಕಿಸಲಿ. ಐದು ನಿಮಿಷದ ಪಾಠ.

ಎರಡನೇ ಸಲದ್ದನ್ನು ಅಪ್ಪ ಮಾತಾಡದೆ ತಿಂದರು. ಇನ್ನೊಂದು ತೆಗೆದುಕೊಂಡರು. ಆಮೇಲೆ "ಇಷ್ಟಕ್ಕೆ ಎಷ್ಟು ಕಾಯಿ ಬೇಕಾದೀತು?" ಎಂದು ಕೇಳಿದರು. ಇಬ್ಬರೂ ಕೂತು ಲೆಕ್ಕ ಹಾಕಿದೆವು. ಒಂದು ಕಾಯಿಯಲ್ಲಿ 30-40 ಬೀಜ, ಒಣಗಿದ ಮೇಲೆ ಒಂದೊಂದು ಗ್ರಾಮಿನ ಆಸುಪಾಸು, ಸಿಪ್ಪೆ ಹೋಗಿ ಉಳಿಯುವುದು ಅದಕ್ಕಿಂತ ಕಡಿಮೆ. 150 ಗ್ರಾಂ ಬಾರಿಗೆ ಮೂರು ಕಾಯಿ. ಕುಕ್ಕಿ ಹದಿನಾಲ್ಕು ಆಗಿದ್ದವು.

ಪೇಟೆಯ ಅಂಗಡಿಯವರ ಹತ್ತಿರ ಅಸಲಿ ಬಾರ್ ತರಿಸಿಡಿ ಎಂದು ಹೇಳಿ ಬಂದಿದ್ದೇನೆ. "ಕೇಳುವವರೇ ಇಲ್ಲ, ಸೆಕೆಗೆ ಕರಗಿದರೆ ನೀವು ತಗೊಳ್ತೀರಾ?" ಎಂದರು. ತಗೊಳ್ತೇನೆ ಎಂದೆ. ಸದ್ಯಕ್ಕೆ ಎರಡೇ ತರಿಸುತ್ತಾರಂತೆ.