ತತ್ತಿಯ ನೆಲೆಯನ್ನು ತುಳಿದು ಮೀನನ್ನು ಉಳಿಸಲಾದೀತೇ?



ಮೃಗಶಿರಾ ಮಳೆ ಕಳೆದು ಆರಿದ್ರಾ ಹೂಡುವ ಹೊತ್ತಿಗೆ ತುಂಗಭದ್ರೆಗೆ ಮಲೆನಾಡಿನ ಕೆಂಪು ನೀರು ಬರುತ್ತದೆ. ಆ ಹೊಸ ನೀರಿನೊಡನೆ ಮೀನುಗಳು ಪ್ರವಾಹಕ್ಕೆ ಎದುರಾಗಿ ಮೇಲೇರತೊಡಗುತ್ತವೆ. ಮಲೆನಾಡಿಗರು ಇದನ್ನು ‘ಹತ್ತುಮೀನು’ ಎನ್ನುವರು. 1953ರಲ್ಲಿ ಹೊಸಪೇಟೆಯ ಬಳಿ ಅಣೆಕಟ್ಟಿನಲ್ಲಿ ನೀರು ನಿಂತ ಬಳಿಕ, ಆ ಜಲಾಶಯದ ಮೀನಿಗೆ ತತ್ತಿಯಿಡಲು ದೊರೆಯುವ ಹರಿಯುವ ನೀರೆಂದರೆ ಅದರ ಮೇಲ್ಭಾಗದ ಹೊಳೆ. ಎಂದರೆ ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳ ಅಂಚಿನಲ್ಲಿ ಹರಿಯುವ ನಮ್ಮ ಹೊಳೆ.

ಅದೇ ದಿನಗಳಲ್ಲಿ ಇನ್ನೊಂದು ದಂಡೂ ಹೊಳೆಗಿಳಿಯುತ್ತದೆ. ಭಾನುವಾರ ಬಂತೆಂದರೆ ಪಟ್ಟಣಗಳಿಂದ ಗಾಳದ ಕೋಲು ಹಿಡಿದ ಯುವಕರು ಬಂದು, ನೆರೆ ಇಳಿದ ಕಡೆ ಮೊಣಕಾಲುದ್ದ ನೀರಿನಲ್ಲಿ ಗಂಟೆಗಟ್ಟಲೆ ನಿಲ್ಲುತ್ತಾರೆ. ಕೊರ್ಲಹಳ್ಳಿಯ ಆಸುಪಾಸಿನಲ್ಲಿ ಇಂಥವರೊಡನೆ ನಾನು ಹಲವು ಸಲ ವಾದಿಸಿದ್ದೇನೆ. ಅವರ ಉತ್ತರ ಒಂದೇ: ತಾವು ಬಲೆ ಬೀಸುವವರಲ್ಲ, ಸಿಡಿಮದ್ದು ಹಾಕುವವರಲ್ಲ, ಹಿಡಿದ ಮೀನನ್ನೂ ಮರಳಿ ನೀರಿಗೆ ಬಿಡುವವರು, ತಮ್ಮಿಂದ ಮೀನಿಗೆ ಕೇಡೇನು?

ಗಾಳ ಉಳಿಸಿದ ಮೀನನ್ನು ಕಾಲು ಕೊಲ್ಲುತ್ತದೆ ಎಂಬುದೇ ನನ್ನ ಉತ್ತರ. ಮಹಶೀರ್‌ನಂತಹ ಮೀನಿನ ತತ್ತಿ ನೀರಿಗಿಂತ ಭಾರವಾದುದು. ಅದು ತಳಕ್ಕಿಳಿದು ಗರಸು, ಹರಳುಗಲ್ಲುಗಳ ಸಂದಿಯಲ್ಲಿ ನೆಲೆಗೊಳ್ಳುತ್ತದೆ. ಮೂರು ನಾಲ್ಕು ದಿನಗಳಲ್ಲಿ ತತ್ತಿ ಒಡೆದರೂ ಮರಿ ಕೂಡಲೇ ಈಜಲಾರದು. ಹೊಟ್ಟೆಗಂಟಿದ ಹಳದಿಯನ್ನೇ ಉಂಡು ಕೆಲವು ದಿನ ಅದೇ ಸಂದಿಯಲ್ಲಿ ಅಡಗಿರುತ್ತದೆ. ಆ ಕಲ್ಲುಗಳ ಮೇಲೆ ಮನುಷ್ಯನ ಭಾರ ಬಿದ್ದರೆ ಆಗುವುದೇನೆಂದು ವಿವರಿಸಬೇಕಾಗಿಲ್ಲ. ಅಮೆರಿಕದ ಮೊಂಟಾನಾದ ಸಂಶೋಧಕರು 1992ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಟ್ರೌಟ್ ಮೀನಿನ ತತ್ತಿಯ ನೆಲೆಯನ್ನು ದಿನಕ್ಕೆರಡು ಬಾರಿ ತುಳಿದಾಗ ಶೇಕಡ 96ರವರೆಗೆ ತತ್ತಿ, ಮರಿಗಳು ಸತ್ತವು. ಒಡೆಯುವುದಕ್ಕೆ ಮುನ್ನ ಒಂದೇ ಒಂದು ಸಲ ತುಳಿದಾಗಲೂ ಶೇಕಡ 43ರವರೆಗೆ ನಾಶವಾದವು.

ಟ್ರೌಟ್ ತಣ್ಣೀರಿನ ಮೀನು, ಅದರ ತತ್ತಿ ತಿಂಗಳುಗಟ್ಟಲೆ ಕಲ್ಲಿನಡಿ ಇರುತ್ತದೆ, ನಮ್ಮ ಮೀನಿಗೆ ಆ ಲೆಕ್ಕ ಹೊಂದದು ಎಂದು ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪ ಸರಿಯಾದುದೇ. ಕಾಟ್ಲಾ, ರೋಹುಗಳಂತಹ ಗೆಂಡೆ ಮೀನುಗಳ ತತ್ತಿ ಕಲ್ಲಿನಲ್ಲಿ ಕೂರದೆ ನೀರಿನೊಡನೆ ತೇಲಿ ಸಾಗುತ್ತದೆ, ಒಂದು ಹಗಲಿರುಳಿನೊಳಗೆ ಒಡೆಯುತ್ತದೆ. ಆದರೆ ಇದರಿಂದ ಸಿದ್ಧವಾಗುವುದೇನು? ನಮ್ಮ ಮೀನು ನಮ್ಮಿಂದ ಬೇಡುತ್ತಿರುವುದು ತಿಂಗಳುಗಳ ತ್ಯಾಗವನ್ನಲ್ಲ, ಮುಂಗಾರಿನ ಕೆಲವೇ ವಾರಗಳನ್ನು. ಅಷ್ಟನ್ನೂ ಕೊಡಲಾರೆವೆಂದರೆ ಆ ಜಿಪುಣತನಕ್ಕೆ ಹೆಸರೇನು?

ಮರಲ್ ಮೀನಿನ ಕಥೆ ಇನ್ನೂ ಕರುಣಾಜನಕ. ಅದು ದಡದ ಜೊಂಡಿನಲ್ಲಿ ಗೂಡು ಮಾಡಿ, ತಾಯಿ ತಂದೆ ಎರಡೂ ಮರಿಗಳ ಹಿಂಡನ್ನು ಕಾಯುತ್ತವೆ. ಹತ್ತಿರ ಬಂದುದೆಲ್ಲದರ ಮೇಲೂ ಎರಗುತ್ತವೆ. ಗಾಳದವನಿಗೆ ಇದೇ ಸುಲಭದ ಬೇಟೆ. ಅವನು ಎತ್ತಿದ್ದು ಒಂದು ಮೀನು. ಕಾವಲಿಲ್ಲದೆ ಇತರ ಮೀನುಗಳ ಬಾಯಿಗೆ ಬೀಳುವುದು ಇಡೀ ಸಂಸಾರ.

ಇಷ್ಟು ಹೇಳಿ ಗಾಳದವರನ್ನಷ್ಟೇ ದೂಷಿಸಿದರೆ ಅನ್ಯಾಯವಾದೀತು. ಅಂಗಾಲು ತುಳಿಯುವುದು ಗೇಣು ನೆಲವನ್ನು. ಮರಳಿನ ಟ್ರ್ಯಾಕ್ಟರು ತತ್ತಿಯ ನೆಲೆಯನ್ನೇ ಹೇರಿಕೊಂಡು ಹೋಗುತ್ತದೆ. ಮರಳು, ಗರಸು ಹೋದ ತಳದಲ್ಲಿ ಉಳಿಯುವುದು ಕೆಸರು ಮತ್ತು ಬಂಡೆ. ಅಲ್ಲಿ ತತ್ತಿಗೆ ಉಸಿರಿಲ್ಲ. ಸಿಡಿಮದ್ದು, ವಿಷಗಳಿಂದ ಮೀನು ಹಿಡಿಯುವುದನ್ನು 1897ರ ಮೀನುಗಾರಿಕೆ ಕಾಯ್ದೆಯೇ ಅಪರಾಧವೆಂದು ಸಾರಿತ್ತು. ಒಂದೇಕಾಲು ಶತಮಾನ ಕಳೆದರೂ ತತ್ತಿಯ ನೆಲೆ ಮಾತ್ರ ನಮ್ಮ ಹೊಳೆಸಾಲಿನಲ್ಲಿ ಯಾರ ಕಾವಲಿಗೂ ಸೇರಿಲ್ಲ.

ಇಲಾಖೆಯ ಉತ್ತರ ನಮಗೆ ಗೊತ್ತಿರುವುದೇ: ಪ್ರತಿವರ್ಷ ಮೀನುಮರಿ ಬಿತ್ತುತ್ತೇವೆ. ಬೀಜ ಬಿತ್ತಿದೊಡನೆ ಬೆಳೆ ಬಂದೀತೇ, ನೆಲ ಹಸನಿರಬೇಡವೇ ಎಂದು ರೈತನನ್ನು ಕೇಳಿ ನೋಡಿ. ಕಾವೇರಿಯ ಪಾಠ ಕಣ್ಣೆದುರಿಗಿದೆ. ಅಲ್ಲಿ ಮಹಾರಾಷ್ಟ್ರದ ಮರಿಕೇಂದ್ರದಿಂದ ತಂದ ಬೇರೆ ಜಾತಿಯ ಮಹಶೀರ್ ಮರಿಗಳನ್ನು ವರ್ಷಗಟ್ಟಲೆ ಬಿಡಲಾಯಿತು. ಬಿಟ್ಟ ಮೀನು ಹೆಚ್ಚಿತು. ಕಾವೇರಿಯದೇ ಆದ ಗೂನುಬೆನ್ನಿನ ಮಹಶೀರ್ ಕ್ಷೀಣಿಸುತ್ತ ಬಂದು, 2018ರಲ್ಲಿ ಅಳಿವಿನ ಅಂಚಿನ ಜಾಗತಿಕ ಪಟ್ಟಿಗೆ ಸೇರಿತು. ಮರಿ ಬಿತ್ತುವುದು ತತ್ತಿ ಕಾಯುವುದಕ್ಕೆ ಬದಲಿಯಲ್ಲ.

ಕಾಯುವುದು ಅಸಾಧ್ಯವೇ? ಇದೇ ನೀರಿನ ಮೇಲ್ಭಾಗದಲ್ಲಿ, ಶೃಂಗೇರಿಯಲ್ಲಿಯೂ ತೀರ್ಥಹಳ್ಳಿಯ ಬಳಿಯ ಚಿಪ್ಪಲಗುಡ್ಡೆಯಲ್ಲಿಯೂ ಜನರ ನಂಬಿಕೆಯೇ ತುಂಗೆಯ ಮೀನನ್ನು ಕಾಯ್ದಿದೆ. ಕೆಳಭಾಗದಲ್ಲಿ, ಮುದ್ಲಾಪುರದಿಂದ ಕಂಪ್ಲಿ ಸೇತುವೆಯವರೆಗಿನ ಸುಮಾರು 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಸರ್ಕಾರವೇ ಘೋಷಿಸಿತು. ಮೀನು ತಿಂದು ಬದುಕುವ ಪ್ರಾಣಿಗೆ ಮೀಸಲು ದೊರೆತಿದೆ; ಮೀನಿನ ತೊಟ್ಟಿಲಿಗೆ ಏಕಿಲ್ಲ?

ನಮ್ಮ ಬೇಡಿಕೆ ಸರಳವಾದುದು. ಹೊಳೆಇಟಗಿಯಿಂದ ಕೊರ್ಲಹಳ್ಳಿಯವರೆಗಿನ ತತ್ತಿಯ ನೆಲೆಗಳನ್ನು ಇಲಾಖೆಯು ಅಂಬಿಗರೊಡನೆ ಕೂಡಿ ಗುರುತಿಸಲಿ. ಅಷ್ಟು ತಾಣಗಳಲ್ಲಿ, ಅಷ್ಟೇ ವಾರಗಳಲ್ಲಿ ಬಲೆ, ಗಾಳ, ಕಾಲು, ಗಾಲಿ ಯಾವುದೂ ಇಳಿಯದಿರಲಿ. ಹಮ್ಮಿಗಿ ಬ್ಯಾರೇಜಿನ ಗೇಟುಗಳನ್ನು ನಿರ್ವಹಿಸುವವರು ಮೀನಿನ ದಾರಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿ. ಹೊಟ್ಟೆಪಾಡಿಗೆ ಹೊಳೆಯನ್ನೇ ನಂಬಿದ ಅಂಬಿಗ ಕುಟುಂಬಗಳು ಉಪವಾಸ ಬೀಳಬಾರದು. ನಿಷೇಧದ ಅವಧಿಗೆ ಜೀವನ ನೆರವು ನೀಡುವ ಅವಕಾಶ 2020ರಲ್ಲಿ ಆರಂಭವಾದ ಕೇಂದ್ರದ ಮತ್ಸ್ಯ ಸಂಪದ ಯೋಜನೆಯಲ್ಲಿದೆ. ಅದು ಅವರ ಕೈಸೇರಲಿ, ಕಾವಲಿನ ಅಧಿಕಾರವೂ ಅವರಿಗೇ ಸಲ್ಲಲಿ.

ಗುಡ್ಡದ ನಮಗೂ ಹೊಳೆಯ ತತ್ತಿಗೂ ಏನು ಸಂಬಂಧವೆಂದು ಕೇಳುವವರುಂಟು. ಕಪ್ಪತಗುಡ್ಡದ ಮೈ ಬತ್ತಲಾದಾಗ ಕೊಚ್ಚಿಹೋಗುವ ಮಣ್ಣು ಹಳ್ಳಗಳ ಮೂಲಕ ಹೊಳೆಗಿಳಿದು ಹರಳುಗಲ್ಲುಗಳ ಸಂದಿಯನ್ನು ಮೆತ್ತುತ್ತದೆ. 2019ರಲ್ಲಿ ವನ್ಯಜೀವಿಧಾಮವಾದ ಗುಡ್ಡಕ್ಕಾಗಿ ಹೋರಾಡಿದ ನಾವು ಅದರ ನೀರು ಸೇರುವ ಹೊಳೆಯನ್ನು ಪರರದೆಂದು ಬಿಡಲಾಗದು. ಒಡ್ಡು ಹಾಕಿದ ಹೊಲ, ಔಷಧದ ಡಬ್ಬಿ ತೊಳೆಯದ ಹಳ್ಳ, ಇವೂ ಮೀನಿನ ಕಾವಲೇ.

1980ರ ದಶಕದಲ್ಲಿ ಹರಿಹರದ ಕಾರ್ಖಾನೆಯ ತ್ಯಾಜ್ಯದಿಂದ ಸತ್ತ ಮೀನುಗಳು ತೇಲಿ ಬಂದಾಗ ಹೊಳೆಸಾಲಿನ ಜನ ಎದ್ದು ನಿಂತರು. ತುಳಿತಕ್ಕೆ ಸಿಕ್ಕ ತತ್ತಿ ತೇಲುವುದಿಲ್ಲ, ನಾರುವುದೂ ಇಲ್ಲ. ಆದುದರಿಂದ ಕಣ್ಣಿಟ್ಟು ನೋಡುವವರು ಬೇಕು. ವಿದ್ಯಾರ್ಥಿ ಮಿತ್ರರೇ, 2002ರ ಜೀವವೈವಿಧ್ಯ ಕಾಯ್ದೆಯಂತೆ ನಿಮ್ಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ಸಮಿತಿ ಇರಬೇಕು, ಜನತಾ ದಾಖಲೆ ಪುಸ್ತಕವೂ ಇರಬೇಕು. ಈ ಮುಂಗಾರಿಗೆ ಮುನ್ನ ಊರಿನ ಹಿರಿಯ ಅಂಬಿಗರ ಬಳಿ ಕುಳಿತು, ಮೀನು ಎಲ್ಲೆಲ್ಲಿ ತತ್ತಿಯಿಡುತ್ತದೆಂದು ಕೇಳಿ, ಆ ಪುಸ್ತಕದಲ್ಲಿ ಬರೆಯಿಸಿರಿ. ಬರೆದು ಗುರುತಿಸಿದ ನೆಲೆಯನ್ನು ತುಳಿಯುವವನು ಇನ್ನು ಮುಂದೆ ಅರಿಯೆನೆಂದು ಹೇಳಲಾರ.