ಕನ್ನಡದ ಪೀರಿಯಡ್ ಯಾರ ಕೈಯಲ್ಲಿದೆ?

ಮುಂಬಯಿ ಮತ್ತು ಉಪನಗರಗಳ ಕನ್ನಡ ಸಂಘಗಳ ವಾರ್ಷಿಕೋತ್ಸವಗಳಲ್ಲಿ ಕನ್ನಡ ಶಾಲೆಗಳನ್ನು ಉಳಿಸಬೇಕೆಂಬ ಠರಾವು ತಪ್ಪದೆ ಮಂಡನೆಯಾಗುತ್ತದೆ. ಮಹಾರಾಷ್ಟ್ರ ಸರಕಾರ ಇದನ್ನು ಮಾಡಬೇಕು, ಕರ್ನಾಟಕ ಸರಕಾರ ಅದನ್ನು ಕೊಡಬೇಕು ಎಂದು ಗಣ್ಯರು ಒತ್ತಾಯಿಸುತ್ತಾರೆ, ಸಭೆ ಚಪ್ಪಾಳೆ ತಟ್ಟುತ್ತದೆ. ಆದರೆ ಶಾಲೆಯ ವೇಳಾಪಟ್ಟಿಯಲ್ಲಿ ಕನ್ನಡಕ್ಕೆ ವಾರಕ್ಕೆ ಎಷ್ಟು ಪೀರಿಯಡ್ ಸಿಗುತ್ತದೆ, ಕಾಲೇಜಿನ ಪ್ರವೇಶ ಅರ್ಜಿಯಲ್ಲಿ ಕನ್ನಡದ ಹೆಸರಾದರೂ ಇದೆಯೇ, ಇದನ್ನೆಲ್ಲ ನಿರ್ಧರಿಸುವವರು ಯಾರು ಎಂಬ ಪ್ರಶ್ನೆ ಮಾತ್ರ ವೇದಿಕೆಯ ಮೇಲೆ ಬರುವುದೇ ಇಲ್ಲ.

ಪುಸ್ತಕದ ಮಟ್ಟಿಗೆ ಮಹಾರಾಷ್ಟ್ರವನ್ನು ಹೆಚ್ಚು ದೂರುವಂತಿಲ್ಲ. 1967ರಲ್ಲಿ ಪುಣೆಯಲ್ಲಿ ಸ್ಥಾಪನೆಗೊಂಡ ರಾಜ್ಯ ಪಠ್ಯಪುಸ್ತಕ ಮಂಡಳ, ಎಲ್ಲರೂ ಕರೆಯುವಂತೆ ಬಾಲಭಾರತಿ, ಮರಾಠಿಯ ಜೊತೆಗೆ ಕನ್ನಡದಲ್ಲೂ ಪಠ್ಯಪುಸ್ತಕಗಳನ್ನು ಹೊರತರುತ್ತ ಬಂದಿದೆ. ಎಸ್ಸೆಸ್ಸಿ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಮಹಾನಗರಪಾಲಿಕೆಯ ಶಾಲೆಗಳ ಮಾಧ್ಯಮಗಳಲ್ಲಿ ಕನ್ನಡವೂ ಒಂದು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಒದಗಿಸಬೇಕೆಂದು 1956ರ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 350ಎ ವಿಧಿ ಹೇಳುತ್ತದೆ. ಹೊರನಾಡಿನಲ್ಲಿ ಇಷ್ಟು ಅನುಕೂಲ ಎಲ್ಲ ಕಡೆ ಸಿಗುವುದಿಲ್ಲ.

ತೊಡಕು ಬೇರೆಡೆ ಇದೆ. ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆಯ ಮಗುವಿಗೂ ಸಾಂಗ್ಲಿ ಜಿಲ್ಲೆಯ ಜತ್ತದ ಮಗುವಿಗೂ ವಡಾಲದ ಮಗುವಿಗೂ ಪುಣೆಯಿಂದ ಬರುವುದು ಒಂದೇ ಕನ್ನಡ ಪುಸ್ತಕ. ಗಡಿನಾಡಿನ ಮಗು ಮನೆಯಲ್ಲೂ ಓಣಿಯಲ್ಲೂ ಕನ್ನಡವನ್ನೇ ಆಡುತ್ತದೆ. ಮುಂಬಯಿಯ ಮಗು ಮನೆಯಲ್ಲಿ ತುಳುವೋ ಕೊಂಕಣಿಯೋ ಆಡಿ, ಕಟ್ಟಡದ ಕೆಳಗೆ ಇಳಿದರೆ ಹಿಂದಿ, ರಸ್ತೆ ದಾಟಿದರೆ ಮರಾಠಿ. ಕರಾವಳಿಯವರು ಇಂಗ್ಲಿಷ್ ಮಾಧ್ಯಮದತ್ತ ಸರಿದ ಮೇಲೆ ಕನ್ನಡ ಮಾಧ್ಯಮದ ಬೆಂಚುಗಳಲ್ಲಿ ಹೆಚ್ಚಾಗಿ ಕಾಣುವವರು ಉತ್ತರ ಕರ್ನಾಟಕದಿಂದ ಕೂಲಿಗಾಗಿ ಬಂದವರ ಮಕ್ಕಳು. ಅವರಿಗೆ ಭಾಷೆ ತೊಡಕಲ್ಲ. ಆದರೆ ಕಟ್ಟಡದ ಕೆಲಸ ಮುಗಿದು ಅಪ್ಪ ಅಮ್ಮ ಊರಿಗೆ ಹೊರಟರೆ ಮಗು ಬೇರೊಂದು ರಾಜ್ಯದ ಪಠ್ಯಕ್ರಮದ ನಡುವೆ ಬಂದು ಬೀಳುತ್ತದೆ. ಇಲ್ಲಿನ ಇತಿಹಾಸ, ಭೂಗೋಳದ ಪುಸ್ತಕಗಳು ಕನ್ನಡದಲ್ಲಿವೆ ನಿಜ, ಅವುಗಳ ಒಳಗಿರುವುದು ಮಹಾರಾಷ್ಟ್ರದ ಪಠ್ಯಕ್ರಮ; ಹಾಗಿರುವುದೇ ಸಹಜ ಕೂಡ. ಊರಿನ ಶಾಲೆಗೆ ಮರಳುವ ಮಗುವಿಗೆ ಎರಡು ತಿಂಗಳ ಸೇತುವೆ ಪಾಠ ಮಾಡಿಸುವುದು ಪುಣೆಯ ಯಾವ ಸಮಿತಿಯ ಕೆಲಸವೂ ಅಲ್ಲ.

ಪಠ್ಯಕ್ರಮವೆಂದರೆ ವಿದ್ವಾಂಸರು ಕೂತು ಮಾಡುವ ಪವಿತ್ರ ಕಾರ್ಯವೆಂದು ನಂಬಿರುವವರು 2019ನ್ನು ನೆನಪಿಸಿಕೊಳ್ಳಬೇಕು. ಆ ವರ್ಷದ ಎಸ್ಸೆಸ್ಸಿಯಲ್ಲಿ ಭಾಷೆಗಳಿಗೂ ಸಮಾಜ ವಿಜ್ಞಾನಕ್ಕೂ ಇದ್ದ 20 ಆಂತರಿಕ ಅಂಕಗಳನ್ನು ಮಂಡಳಿ ತೆಗೆದುಹಾಕಿತು. ಹಿಂದಿನ ವರ್ಷ 89.41 ಶೇಕಡಾ ಇದ್ದ ಫಲಿತಾಂಶ 77.10ಕ್ಕೆ ಇಳಿಯಿತು. ಹನ್ನೊಂದನೆಯ ತರಗತಿಯ ಒಳ್ಳೆಯ ಸೀಟುಗಳೆಲ್ಲ ಸಿಬಿಎಸ್‌ಇ, ಐಸಿಎಸ್‌ಇ ಮಕ್ಕಳ ಪಾಲಾಗುತ್ತವೆ ಎಂದು ಪಾಲಕರು ಗುಲ್ಲೆಬ್ಬಿಸಿದರು. ಅದೇ ವರ್ಷ ಆಂತರಿಕ ಅಂಕಗಳು ಮರಳಿದವು. 2020ರಲ್ಲಿ ಫಲಿತಾಂಶ 95.30. (ಕೊರೊನಾದಿಂದಾಗಿ ಆ ವರ್ಷ ಭೂಗೋಳದ ಪರೀಕ್ಷೆಯೇ ನಡೆಯಲಿಲ್ಲ ಎಂಬುದೂ ಲೆಕ್ಕದಲ್ಲಿರಲಿ.) ಮಕ್ಕಳು ಒಂದು ವರ್ಷ ದಡ್ಡರಾಗಿ ಮರುವರ್ಷ ಜಾಣರಾದರೆಂದು ಯಾರೂ ಹೇಳಲಾರರು. ಪಾಲಕರ ಗದ್ದಲಕ್ಕೆ ಮಂಡಳಿ ಮಣಿಯಿತು, ಅಷ್ಟೇ.

2025ರಲ್ಲಿ ಇದಕ್ಕಿಂತ ದೊಡ್ಡ ಗದ್ದಲವಾಯಿತು. ಮರಾಠಿ ಮತ್ತು ಇಂಗ್ಲಿಷ್ ಮಾಧ್ಯಮದ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಹಿಂದಿ ಮೂರನೆಯ ಭಾಷೆ ಎಂದು ಎಪ್ರಿಲ್ 16ರಂದು ಸರಕಾರ ಆದೇಶ ಹೊರಡಿಸಿತು. ವಿರೋಧ ಬಂದಾಗ ಜೂನ್ 17ರಂದು ಅದನ್ನು ತಿದ್ದಿತು. ಹಿಂದಿಯ ಬದಲು ಬೇರೊಂದು ಭಾರತೀಯ ಭಾಷೆ ಬೇಕೆಂದು ತರಗತಿಯೊಂದರಲ್ಲಿ ಕನಿಷ್ಠ 20 ಮಕ್ಕಳು ಕೇಳಿದರೆ ಶಿಕ್ಷಕರನ್ನು ಕೊಡಬೇಕು, ಇಲ್ಲವೇ ಆನ್‌ಲೈನ್ ಮೂಲಕ ಕಲಿಸಬೇಕು ಎಂಬುದು ತಿದ್ದುಪಡಿಯ ಸಾರ. ಜೂನ್ 29ರಂದು ಎರಡೂ ಆದೇಶಗಳು ಹಿಂದೆಗೆಯಲ್ಪಟ್ಟು ವಿಷಯ ಡಾ. ನರೇಂದ್ರ ಜಾಧವ್ ಸಮಿತಿಯ ಮುಂದೆ ಹೋಯಿತು. ಹಿಂದಿ ಬೇಕೆ ಬೇಡವೆ ಎಂಬ ಜಗಳದಲ್ಲಿ ಮುಂಬಯಿ ಕನ್ನಡಿಗರು ಗಮನಿಸಬೇಕಾಗಿದ್ದ ಸಂಗತಿ ಆ 20ರ ಲೆಕ್ಕ. ಹನ್ನೆರಡು ದಿನಗಳ ಮಟ್ಟಿಗೆ ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲೂ ಕನ್ನಡ ಕೇಳುವ ಬಾಗಿಲು ತೆರೆದಿತ್ತು. ಅಂಥ ಬಾಗಿಲು ಮತ್ತೆ ತೆರೆದರೆ, ಒಂದೇ ತರಗತಿಯಲ್ಲಿ 20 ಕನ್ನಡದ ಮಕ್ಕಳು ಸಿಗುವ ಶಾಲೆಗಳು ಯಾವುವು? ಬಹುಶಃ ತುಳು-ಕನ್ನಡಿಗರ ಸಂಸ್ಥೆಗಳೇ ನಡೆಸುವ ಕೆಲವು ಶಾಲೆಗಳು. ಅಲ್ಲಿಯೂ ಯಾರಾದರೂ ಪಟ್ಟಿ ಮಾಡಿಟ್ಟಿರಬೇಕಲ್ಲ!

ಸಂಖ್ಯೆಯ ಈ ಆಟ ಶಾಲೆಗೆ ಮುಗಿಯುವುದಿಲ್ಲ. ಶಿಕ್ಷಕರ ವಲಯದಲ್ಲಿ 'ಸಂಚ್ ಮಾನ್ಯತಾ' ಎಂದೇ ಪರಿಚಿತವಾದ ಹುದ್ದೆ ಮಂಜೂರಾತಿ ನಿಂತಿರುವುದು ವಿದ್ಯಾರ್ಥಿಗಳ ತಲೆ ಎಣಿಕೆಯ ಮೇಲೆ. ಮಕ್ಕಳು ಇಳಿದರೆ ಹುದ್ದೆ ಹೋಗುತ್ತದೆ. ಶಿಕ್ಷಕರಿಲ್ಲದ ಶಾಲೆಗೆ ಮರುವರ್ಷ ಮಕ್ಕಳು ಇನ್ನೂ ಕಡಿಮೆಯಾಗುತ್ತಾರೆ. ಜೂನಿಯರ್ ಕಾಲೇಜಿನಲ್ಲಿ ಎರಡನೆಯ ಭಾಷೆಯ ಬದಲು ಮಾಹಿತಿ ತಂತ್ರಜ್ಞಾನವನ್ನು ತೆಗೆದುಕೊಳ್ಳುವ ಅವಕಾಶ ಬಹಳ ವರ್ಷಗಳಿಂದ ಇದೆ. ಅಂಕ ಸುಲಭ, ಕಂಪ್ಯೂಟರೂ ಕಲಿತಂತಾಯಿತು ಎನ್ನುವ ಪಾಲಕರನ್ನು ತಪ್ಪೆನ್ನುವುದು ಕಷ್ಟ. ಕನ್ನಡವನ್ನು ಯಾರೂ ಪಠ್ಯಕ್ರಮದಿಂದ ಕಿತ್ತುಹಾಕಿಲ್ಲ. ಪಕ್ಕದಲ್ಲಿ ಇನ್ನೊಂದನ್ನು ಇಟ್ಟರು, ಸಾಕಾಯಿತು.

ಪದವಿ ತರಗತಿಗಳಲ್ಲಿ 2024-25ರಿಂದ ಮುಂಬಯಿ ವಿಶ್ವವಿದ್ಯಾಲಯದ ಸಂಯೋಜಿತ ಕಾಲೇಜುಗಳು ಹೊಸ ಶಿಕ್ಷಣ ನೀತಿಯ ಚೌಕಟ್ಟಿಗೆ ಬಂದಿವೆ. ಮೂರು ವರ್ಷಗಳ ಪದವಿಗೆ 120ರಿಂದ 132 ಕ್ರೆಡಿಟ್, ಅದರೊಳಗೆ ಭಾರತೀಯ ಭಾಷೆಗೆಂದು ಕೆಲವು ಕ್ರೆಡಿಟ್. ಕಾಗದದ ಮೇಲೆ ಕನ್ನಡಕ್ಕೆ ಇದು ಹಿಂದೆಂದೂ ಇಲ್ಲದ ಅವಕಾಶ. ಕಲೀನಾದ ವಿದ್ಯಾನಗರಿಯಲ್ಲಿ 1978ರಿಂದ ಕನ್ನಡ ವಿಭಾಗವಿದೆ. ಪಠ್ಯ ರೂಪಿಸಲು ಅಧ್ಯಯನ ಮಂಡಳಿ, ಅದಕ್ಕೆ ಒಪ್ಪಿಗೆ ನೀಡಲು ವಿದ್ವತ್ ಪರಿಷತ್ತು ಎಂಬ ವ್ಯವಸ್ಥೆಯಿದೆ. ಆದರೆ ಯಾವ ಭಾಷೆಗಳನ್ನು ಕಲಿಸುವುದೆಂದು ಪಟ್ಟಿ ಮಾಡುವುದು ಕಾಲೇಜು. ಪ್ರಾಚಾರ್ಯರು ಆಗ ನೋಡುವುದು ಎರಡನ್ನೇ: ಈಗಿರುವ ಅಧ್ಯಾಪಕರಲ್ಲಿ ಯಾರಿಗೆ ವರ್ಕ್‌ಲೋಡ್ ತುಂಬಬೇಕು, ಎಷ್ಟು ವಿದ್ಯಾರ್ಥಿಗಳು ಬರುತ್ತಾರೆ. ಮರಾಠಿ, ಹಿಂದಿ ಅಧ್ಯಾಪಕರು ಇದ್ದಾರೆ, ಕನ್ನಡದವರಿಲ್ಲ. ಹಾಗಾಗಿ ಕನ್ನಡ ಪಟ್ಟಿಯಲ್ಲಿಲ್ಲ. ಪಟ್ಟಿಯಲ್ಲಿಲ್ಲದ್ದನ್ನು ವಿದ್ಯಾರ್ಥಿ ಕೇಳುವುದಿಲ್ಲ. ಯಾರೂ ಕೇಳಲಿಲ್ಲವೆಂದು ಮರುವರ್ಷವೂ ಇರುವುದಿಲ್ಲ.

ಹಿಂದಿನವರು ಹೀಗೆ ಕಾದು ಕೂರಲಿಲ್ಲ. ಉಡುಪಿ ಹೋಟೆಲುಗಳಲ್ಲಿ ಹಗಲೆಲ್ಲ ದುಡಿಯುವ ಮಾಣಿಗಳಿಗೆ ಹಗಲು ಶಾಲೆ ಸಾಧ್ಯವಿಲ್ಲವೆಂದು ಕಂಡಾಗ ಮೊಗವೀರ ಮತ್ತು ಗುರುನಾರಾಯಣ ರಾತ್ರಿ ಶಾಲೆಗಳಂಥವು ಹುಟ್ಟಿಕೊಂಡವು. ಮಂಡಳಿಯ ಪಠ್ಯಕ್ರಮ ಅದೇ, ಪ್ರಶ್ನೆಪತ್ರಿಕೆ ಅದೇ. ಸಮಯವನ್ನು ಮಾತ್ರ ಹುಡುಗರ ಪಾಳಿಗೆ ಹೊಂದಿಸಲಾಯಿತು. ಆ ಶಾಲೆಗಳಲ್ಲಿ ಓದಿ ವಕೀಲರು, ಅಧಿಕಾರಿಗಳು, ಉದ್ಯಮಿಗಳಾದವರು ಇಂದು ಸಂಘಗಳ ಮೊದಲ ಸಾಲಿನಲ್ಲಿ ಕುಳಿತಿರುತ್ತಾರೆ. ಪಠ್ಯಕ್ರಮ ಸರಕಾರದ್ದು, ವೇಳಾಪಟ್ಟಿ ಸಮಾಜದ್ದು ಎಂಬುದು ಅವರಿಗೆ ಯಾರೂ ಹೇಳಿಕೊಡಬೇಕಾದ ವಿಷಯವಲ್ಲ.

ಹಾಗಿದ್ದೂ ತುಳು-ಕನ್ನಡಿಗರ ಸಂಸ್ಥೆಗಳು ಕಟ್ಟಿದ ಎಷ್ಟೋ ಇಂಗ್ಲಿಷ್ ಮಾಧ್ಯಮ ಶಾಲೆಗಳಲ್ಲಿ ಕನ್ನಡಕ್ಕೆ ಒಂದು ಪೀರಿಯಡ್ ಇಲ್ಲದಿರುವುದು ವಿಷಾದನೀಯ. ಇಂಗ್ಲಿಷ್ ಮಾಧ್ಯಮ ಆರಂಭಿಸಿದ್ದು ತಪ್ಪಲ್ಲ, ಕಾಲದ ಬೇಡಿಕೆ ಅದು. ಸಿಬಿಎಸ್‌ಇಯ ಭಾಷೆಗಳ ಪಟ್ಟಿಯಲ್ಲೂ ಕನ್ನಡವಿದೆ. ಪರೀಕ್ಷೆಯ ವಿಷಯವಾಗಿ ಬೇಡವೆಂದರೂ ವಾರಕ್ಕೆ ಎರಡು ಪೀರಿಯಡ್ ಕನ್ನಡ ಓದು ಬರಹ ಕಲಿಸಲು ಯಾವ ಮಂಡಳಿಯ ಅನುಮತಿಯೂ ಬೇಡ. ಆಡಳಿತ ಮಂಡಳಿಯ ಒಂದು ನಿರ್ಣಯ, ಒಬ್ಬ ಶಿಕ್ಷಕಿಯ ಸಂಬಳ ಸಾಕು. ಅದು ಒಂದು ಸಂಜೆಯ ರಸಮಂಜರಿಯ ಖರ್ಚಿಗಿಂತ ಹೆಚ್ಚಾಗಲಿಕ್ಕಿಲ್ಲ.

ಶಾಲೆಯ ವೇಳಾಪಟ್ಟಿ ಜೂನ್‌ನಲ್ಲಿ ಬಾಗಿಲು ತೆರೆಯುವ ಮೊದಲೇ ಸಿದ್ಧವಾಗಿರುತ್ತದೆ. ಕಾಲೇಜಿನ ಭಾಷಾಪಟ್ಟಿಯೂ ಪ್ರವೇಶ ಆರಂಭವಾಗುವುದಕ್ಕೆ ಮುಂಚೆಯೇ ಅಂತಿಮವಾಗುತ್ತದೆ. ಸದಸ್ಯರ ಮಕ್ಕಳಲ್ಲಿ ಯಾರು ಯಾವ ಶಾಲೆಯ ಯಾವ ತರಗತಿಯಲ್ಲಿದ್ದಾರೆ, ಈ ವರ್ಷ ಹನ್ನೆರಡನೆಯ ತರಗತಿ ಮುಗಿಸುವವರು ಯಾವ ಕಾಲೇಜಿಗೆ ಹೋಗಲಿದ್ದಾರೆ ಎಂಬ ಪಟ್ಟಿಯನ್ನು ಸಂಘಗಳು ಮಾರ್ಚ್ ತಿಂಗಳಲ್ಲೇ ಮಾಡಿಕೊಂಡು, ಹೆಸರುಗಳ ಸಮೇತ ಮುಖ್ಯೋಪಾಧ್ಯಾಯರನ್ನೂ ಪ್ರಾಚಾರ್ಯರನ್ನೂ ಕಾಣಬೇಕು. ಡಿಸೆಂಬರಿನ ವಾರ್ಷಿಕೋತ್ಸವದ ಹೊತ್ತಿಗೆ ಆ ವರ್ಷದ ಮಟ್ಟಿಗೆ ಎಲ್ಲ ಮುಗಿದುಹೋಗಿರುತ್ತದೆ.