ಸನ್ನೆಭಾಷೆಗೆ ಮಾನ್ಯತೆ: ಅರ್ಧ ದಾರಿಯಲ್ಲಿ ನಿಂತ ಮಾತು

ಭಾರತೀಯ ಸನ್ನೆಭಾಷೆಯನ್ನು ಶಾಲೆಯಲ್ಲಿ ಒಂದು ಭಾಷಾ ವಿಷಯವಾಗಿ ಕಲಿಯಬಹುದೆಂದು 2021ರ ಜುಲೈಯಲ್ಲಿ ಪ್ರಧಾನಿ ಘೋಷಿಸಿದರು. ಆದರೆ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಅದು ಇಲ್ಲ. ಅದರ ಪ್ರಸ್ತಾಪ ಬರುವುದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ. ಅಂದರೆ ಕಾನೂನು ಅದನ್ನು ಒಂದು ಸಮುದಾಯದ ಭಾಷೆಯೆಂದು ಕಾಣುವುದಕ್ಕಿಂತ, ಕಿವಿ ಕೇಳದವರಿಗೆ ಕೊಡುವ ಸೌಲಭ್ಯವೆಂದೇ ಕಾಣುತ್ತದೆ.

ಸನ್ನೆಯೆಂದರೆ ಕನ್ನಡವನ್ನೋ ಹಿಂದಿಯನ್ನೋ ಕೈಯಲ್ಲಿ ಆಡಿ ತೋರಿಸುವುದಲ್ಲ. 1970ರ ದಶಕದ ಕೊನೆಗೆ ಸಂಶೋಧಕರು ದೆಹಲಿ, ಮುಂಬಯಿ, ಕೋಲ್ಕತ್ತ, ಬೆಂಗಳೂರುಗಳ ಕಿವುಡರ ಸನ್ನೆಗಳನ್ನು ಹೋಲಿಸಿ ನೋಡಿದರು. ಊರಿಂದೂರಿಗೆ ಪದಗಳು ಬೇರೆಯಾದರೂ ವ್ಯಾಕರಣ ಒಂದೇ ಎಂದು ಕಂಡುಬಂತು. ಪ್ರಶ್ನಾಪದ ಅದರಲ್ಲಿ ವಾಕ್ಯದ ಕೊನೆಗೆ ಬರುತ್ತದೆ. 'ನೀನು ಎಲ್ಲಿಗೆ ಹೋಗುತ್ತೀ' ಎಂಬುದು 'ನೀನು, ಹೋಗು, ಎಲ್ಲಿ' ಎಂದಾಗುತ್ತದೆ. ಹೀಗಿದ್ದೂ 1880ರ ಮಿಲಾನ್ ಸಮ್ಮೇಳನದಲ್ಲಿ ಶಿಕ್ಷಕರು ಸನ್ನೆಯನ್ನು ಶಾಲೆಯಿಂದ ಹೊರಗಿಡಲು ನಿರ್ಣಯಿಸಿದ್ದರು. ತುಟಿ ನೋಡಿ ಮಾತು ಕಲಿಯಬೇಕೆಂಬ ಆ ಹಟ ನಮ್ಮ ದೇಶದ ಶಾಲೆಗಳಲ್ಲೂ ಬಹುಕಾಲ ನಡೆಯಿತು.

ಗಡಿನಾಡಿನ ನಮಗೆ ಈ ಸಂಕಟವನ್ನು ಬಿಡಿಸಿ ಹೇಳಬೇಕಿಲ್ಲ. ಕನ್ನಡ ಬಾರದವರನ್ನು ಕನ್ನಡ ಶಾಲೆಗೆ ನೇಮಿಸಿದಾಗ ಕಾಸರಗೋಡಿನ ಹೆತ್ತವರು ಬೀದಿಗಿಳಿದರು. ಸನ್ನೆ ತಿಳಿಯದ ಶಿಕ್ಷಕರ ಮುಂದೆ ಕುಳಿತ ಕಿವುಡ ಮಗುವಿನ ಸ್ಥಿತಿ ಅದೇ, ಬಹುಶಃ ಅದಕ್ಕಿಂತ ಕಷ್ಟದ್ದು. ನಾವು ಹಿಡಿದು ವಾದಿಸುವ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣ ಎನ್ನುತ್ತದೆ. ಎಂಟನೇ ಪರಿಚ್ಛೇದದ ಷರತ್ತು ಅದರಲ್ಲಿಲ್ಲ. ಪರಿಚ್ಛೇದದ ಹೊರಗಿದೆ ಎಂದು ತುಳುವನ್ನು ಭಾಷೆಯಲ್ಲ ಎನ್ನುವವರು ಯಾರು?

ಒಂದು ತೊಡಕು ನಿಜ. ಹೆಚ್ಚಿನ ಕಿವುಡ ಮಕ್ಕಳು ಹುಟ್ಟುವುದು ಕಿವಿ ಕೇಳುವ ಮನೆಗಳಲ್ಲಿ. ತಾಯಿಗೆ ಗೊತ್ತಿಲ್ಲದ 'ಮಾತೃಭಾಷೆ' ಅದು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮಲಯಾಳ ಅಥವಾ ಮರಾಠಿ ಬರಹವಾದರೆ ಮಗುವಿನ ಕೈಗೆ ಯಾವುದೂ ಗಟ್ಟಿಯಾಗಿ ಸಿಗದೆ ಹೋಗಬಹುದು. ಆದ್ದರಿಂದ ಮನೆಯವರೂ ಸನ್ನೆ ಕಲಿಯಬೇಕಾಗುತ್ತದೆ. ದೆಹಲಿಯಲ್ಲಿ 2015ರಲ್ಲಿ ಆರಂಭವಾದ ಭಾರತೀಯ ಸನ್ನೆಭಾಷಾ ಸಂಶೋಧನಾ ಮತ್ತು ತರಬೇತಿ ಕೇಂದ್ರದ 10,000 ಪದಗಳ ವಿಡಿಯೊ ನಿಘಂಟು ಇದೆ. ಆದರೆ ನಿಘಂಟು ನೋಡಿ ಯಾವ ಮಗುವೂ ಮಾತು ಕಲಿತದ್ದಿಲ್ಲ, ಎದುರಿಗೆ ಜನ ಬೇಕು.

ಕನ್ನಡ ಬಲ್ಲ ಶಿಕ್ಷಕರಿಗಾಗಿ ರಕ್ಷಕ-ಶಿಕ್ಷಕ ಸಂಘ ಈ ವರ್ಷ ಅರ್ಜಿ ಬರೆಯುವಾಗ ಸನ್ನೆ ಬಲ್ಲವರೊಬ್ಬರನ್ನೂ ಅದರಲ್ಲೇ ಕೇಳಬಹುದು. ಅಂಥ ಶಿಕ್ಷಕರನ್ನು ತರಬೇತುಗೊಳಿಸಿ ನೇಮಿಸಬೇಕೆಂದು 2016ರ ಕಾಯ್ದೆಯ 17ನೇ ಸೆಕ್ಷನ್‌ನಲ್ಲಿದೆ.